ಓದುಗರ ಪ್ರಶ್ನೆ, ಸಭಾಪಾಲಕರ ಉತ್ತರ: ‘ಸಾಕು’ ಎನ್ನಬೇಕಾದವರು ಯಾರು?

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಚೆರ್ರಿ ಒಣಗಿ, ತೋಟದವರೆಲ್ಲ ಹೂಮಳೆಗಾಗಿ ಆಕಾಶ ನೋಡುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹಣದ ಮಾತು ಹೆಚ್ಚಾಗುವುದನ್ನು ನಾನು ಹಾಸನದಲ್ಲಿ ಕುಳಿತು ಹಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಈ ಸಲ ಬಂದವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಕಾಗದಕ್ಕೇ ಹೆಚ್ಚು ಜಾಗ ಹೋಗಿರುವುದರಿಂದ ಉಳಿದವರು ಮುನಿಸಿಕೊಳ್ಳಬಾರದು. ಹೆಸರು ಹಾಕಬೇಡಿ ಎಂದವರ ಹೆಸರನ್ನು ಬಿಟ್ಟಿದ್ದೇನೆ. ಹಾಗೆ ಹೇಳದವರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ನಮ್ಮ ತಂದೆಗೆ ಎಂಟು ಎಕರೆ ರೋಬಸ್ಟಾ ತೋಟವಿತ್ತು. 2002ರಲ್ಲಿ, ಕಾಫಿ ಮಾರಿದರೆ ಕೊಯ್ಲಿನ ಕೂಲಿಯೂ ಹುಟ್ಟದಿದ್ದ ಕಾಲದಲ್ಲಿ, ತಂದೆಯವರ ಆಸ್ಪತ್ರೆ ಸಾಲ ತೀರಿಸಲು ನನ್ನ ಪಾಲಿನ ನಾಲ್ಕು ಎಕರೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಅವನು ಕೊಟ್ಟ ಹಣವನ್ನೆಲ್ಲ ಆ ಸಾಲಕ್ಕೇ ಕಟ್ಟಿದೆ. ಈಗ ಬೆಲೆ ಏರಿದೆ. ಅವನು ಹೊಸ ಮನೆ ಕಟ್ಟಿದ, ಕಾರು ಕೊಂಡ. ನಾನು ಕ್ವಾರ್ಟರ್ಸಿನಲ್ಲೇ ಇದ್ದು ಮಗಳ ನರ್ಸಿಂಗ್ ಫೀಸಿಗೆ ಸಂಘದಲ್ಲಿ ಸಾಲ ಎತ್ತಿದ್ದೇನೆ. ಸಂತುಷ್ಟಿಸಹಿತವಾದ ಭಕ್ತಿಯೇ ದೊಡ್ಡ ಲಾಭವೆಂಬ ಪ್ರಸಂಗವನ್ನು ನಾನು ಕೇಳುವಾಗ ಅವನು ಮುಂದಿನ ಬೆಂಚಿನಲ್ಲಿ ಕುಳಿತಿರುತ್ತಾನೆ. ಈ ಸಂತುಷ್ಟಿ ಎಂಬುದು ಇಲ್ಲದವರ ಬಾಯಿ ಮುಚ್ಚಿಸಲು ಇರುವವರು ಕಂಡುಕೊಂಡ ಉಪಾಯವಲ್ಲವೇ?

ಉತ್ತರ: ಹಲವು ಸಲ ಅದು ಉಪಾಯವೇ ಆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಂಡವನು ಹಸಿದವನಿಗೆ ಸಂತುಷ್ಟಿಯನ್ನು ಬೋಧಿಸಿದಾಗ ಅದು ಸತ್ಯವೇದದ ಮಾತಾಗಿ ಉಳಿಯುವುದಿಲ್ಲ, ಆ ಮಾತಿನ ಅಕ್ಷರಗಳು ಮಾತ್ರ ಉಳಿಯುತ್ತವೆ. ಆದುದರಿಂದ ಅದನ್ನು ಮೊದಲು ಹೇಳಿದವನು ಯಾರು, ಯಾವ ಸ್ಥಿತಿಯಲ್ಲಿ ಹೇಳಿದ ಎಂಬುದನ್ನು ನೋಡೋಣ.

ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿ ಪಟ್ಟಣದವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಅದರ ನಾಲ್ಕನೆಯ ಅಧ್ಯಾಯದಲ್ಲಿ ಅವನು ತಾನು ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ನಾವು ಈ ಒಂದು ವಾಕ್ಯವನ್ನು ಕತ್ತರಿಸಿ ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸುತ್ತೇವೆ. ಅದರ ಹಿಂದುಮುಂದನ್ನು ಓದುವವರು ಕಡಿಮೆ. ಅದು ಬರುವುದು ಹಣ ತಲುಪಿದ್ದಕ್ಕೆ ಕೃತಜ್ಞತೆ ಹೇಳುವ ಭಾಗದಲ್ಲಿ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ನೆರವು ಕಳುಹಿಸಿದ್ದರು. ಪೌಲನು ಅದನ್ನು ಹಿಂದಿರುಗಿಸಲಿಲ್ಲ, ‘ನನಗೇನೂ ಬೇಕಿಲ್ಲ’ ಎಂದು ದೊಡ್ಡಸ್ತಿಕೆ ತೋರಿಸಲೂ ಇಲ್ಲ. ತನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದು ಬರೆದ. ಸಂತುಷ್ಟನಾಗಿರುವವನಿಗೆ ಕೊರತೆಯೇ ಇರುವುದಿಲ್ಲ, ಅವನು ಯಾರ ನೆರವನ್ನೂ ಬಯಸಬಾರದು ಎಂಬ ನಮ್ಮ ಕಲ್ಪನೆಗೆ ಆ ಪತ್ರದಲ್ಲಿ ಆಧಾರವಿಲ್ಲ.

ಅವನು ಬಳಸಿದ ಗ್ರೀಕ್ ಪದ ‘ಔತಾರ್ಕೆಸ್’. ಅದು ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಬಹಳ ಪ್ರಿಯವಾದ ಪದವಾಗಿತ್ತು. ತನಗೆ ತಾನೇ ಸಾಕಾಗಿರುವವನು, ಹೊರಗಿನ ಯಾವುದನ್ನೂ ನೆಚ್ಚದವನು ಎಂಬುದು ಅದರ ಅರ್ಥ. ಪೌಲನು ಆ ಪದವನ್ನು ಎತ್ತಿಕೊಂಡು ಎರಡು ವಾಕ್ಯ ದಾಟುವಷ್ಟರಲ್ಲಿ ಅದರ ದಿಕ್ಕನ್ನೇ ತಿರುಗಿಸಿಬಿಡುತ್ತಾನೆ: ತನ್ನನ್ನು ಬಲಪಡಿಸುವಾತನಲ್ಲಿ ಇದ್ದುಕೊಂಡು ಎಲ್ಲವನ್ನೂ ಮಾಡಬಲ್ಲೆನೆಂದು ಹೇಳುತ್ತಾನೆ. ಇದನ್ನು ವಿವರಿಸಲು ನಮ್ಮ ಕನ್ನಡಕ್ಕೆ ಒಂದು ಅನುಕೂಲವಿದೆ. ‘ಸಾಕು’ ಎಂಬ ಒಂದೇ ಪದ ನಮ್ಮಲ್ಲಿ ಇನ್ನು ಬೇಡ ಎಂಬ ಅರ್ಥವನ್ನೂ, ಸಲಹು ಎಂಬ ಅರ್ಥವನ್ನೂ ಕೊಡುತ್ತದೆ. ಸ್ಟೋಯಿಕನು ಮೊದಲನೆಯ ಅರ್ಥದಲ್ಲಿ ನಿಂತ. ಪೌಲನಿಗೆ ಮೊದಲನೆಯದನ್ನು ಹೇಳಲು ಧೈರ್ಯ ಬಂದದ್ದು ಎರಡನೆಯದರಿಂದ. ಸಾಕುವಾತನು ಇರುವುದರಿಂದ ಸಾಕು ಎನ್ನಲಾಯಿತು.

ಇನ್ನೆರಡು ವಿಷಯಗಳಿವೆ. ಒಂದು, ಪೌಲನು ‘ಕಲಿತಿದ್ದೇನೆ’ ಎನ್ನುತ್ತಾನೆ. ಅಂದರೆ ಒಂದು ಕಾಲದಲ್ಲಿ ಅವನಿಗದು ಗೊತ್ತಿರಲಿಲ್ಲ. ಸಂತುಷ್ಟಿ ಬೆನ್ನಿಗೆ ಕಟ್ಟಿಕೊಂಡು ಬಂದ ಸ್ವಭಾವವಲ್ಲ. ಇನ್ನೊಂದು, ಅವನು ‘ನಾನು’ ಎನ್ನುತ್ತಾನೆ. ವ್ಯಾಕರಣದಲ್ಲಿ ನಾವು ಇದಕ್ಕೆ ಉತ್ತಮ ಪುರುಷ ಎನ್ನುತ್ತೇವೆ. ಸಂತುಷ್ಟಿ ಮೊದಲಿಗೆ ಉತ್ತಮ ಪುರುಷದಲ್ಲಿ ಹೇಳಬೇಕಾದ ಮಾತು. ‘ನನಗೆ ಇಷ್ಟು ಸಾಕು’ ಎಂಬುದು ಭಕ್ತಿ. ‘ನಿನಗೆ ಇಷ್ಟು ಸಾಕು’ ಎಂಬುದು ಬಹುತೇಕ ಲೆಕ್ಕಾಚಾರ. ನಿಮ್ಮ ಅನುಮಾನವೂ ಇಲ್ಲಿಯೇ ಹುಟ್ಟಿರುವುದು, ಮತ್ತು ಅದು ನ್ಯಾಯವಾದ ಅನುಮಾನ.

ಈಗ ನಿಮಗೆ ಹಿಡಿಸದಿರಬಹುದಾದ ಮಾತಿಗೆ ಬರುತ್ತೇನೆ. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಗುಂಪಿನೊಳಗಿಂದ ಒಬ್ಬನು ಯೇಸುವನ್ನು ಕೂಗಿ, ತಂದೆಯ ಆಸ್ತಿಯನ್ನು ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಬೇಡುತ್ತಾನೆ. ಅದು ಅನ್ಯಾಯದ ಬೇಡಿಕೆಯೆಂದು ಅಲ್ಲಿ ಎಲ್ಲಿಯೂ ಇಲ್ಲ. ಆದರೂ ಯೇಸುವು ನ್ಯಾಯಾಧಿಪತಿಯಾಗಲು ಒಪ್ಪದೆ, ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಹೇಳಿ ಒಂದು ಸಾಮ್ಯವನ್ನು ಹೇಳಿದನು. ಒಬ್ಬ ಐಶ್ವರ್ಯವಂತನ ಭೂಮಿ ಚೆನ್ನಾಗಿ ಬೆಳೆಯಿತು. ಬೆಳೆಯನ್ನಿಡಲು ಸ್ಥಳ ಸಾಲದೆ ಹಳೆಯ ಕಣಜಗಳನ್ನು ಕಿತ್ತು ದೊಡ್ಡವನ್ನು ಕಟ್ಟಿಸಲು ಅವನು ನಿಶ್ಚಯಿಸಿದ. ಅದೇ ರಾತ್ರಿ ಅವನ ಪ್ರಾಣ ಹೋಗುವುದಾಗಿ ದೇವರು ಹೇಳಿದನು. ಈ ಕಥೆಯನ್ನು ಓದುವಾಗ ನಿಮ್ಮ ತಮ್ಮನ ಹೊಸ ಮನೆ ಕಣ್ಣಮುಂದೆ ಬರುವುದು ಸಹಜ. ಆದರೆ ಯೇಸುವು ಆ ಕಥೆಯನ್ನು ಹೇಳಿದ್ದು ಆಸ್ತಿ ಇಟ್ಟುಕೊಂಡ ಅಣ್ಣನ ಮನೆಯಂಗಳದಲ್ಲಿ ಅಲ್ಲ, ಪಾಲು ಸಿಗಲಿಲ್ಲವೆಂದು ಕೂಗಿದ ತಮ್ಮನು ಕೇಳುತ್ತಿದ್ದಾಗ. ಲೋಭಕ್ಕೆ ಕಣಜ ಇರಲೇಬೇಕೆಂದಿಲ್ಲ. ಇನ್ನೊಬ್ಬರ ಕಣಜವನ್ನು ನೋಡುತ್ತಾ ನಿಂತರೂ ಸಾಕು.

ಆ ಸಾಮ್ಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ಅಲ್ಲಿ ಸಂಪೂರ್ಣ ತೃಪ್ತನಾಗಿರುವವನು, ದೇವರು ಬುದ್ಧಿಹೀನನೆಂದು ಕರೆದ ಆ ಐಶ್ವರ್ಯವಂತನೇ. ಅನೇಕ ವರುಷಗಳಿಗೆ ಬೇಕಾದಷ್ಟು ಇದೆ, ವಿಶ್ರಮಿಸಿಕೋ, ಊಟ ಮಾಡು, ಕುಡಿ ಎಂದು ತನ್ನ ಜೀವಾತ್ಮಕ್ಕೆ ಅವನೇ ಹೇಳಿಕೊಳ್ಳುತ್ತಾನೆ. ಅವನೂ ‘ಸಾಕು’ ಎಂದ. ಆದರೆ ಕಣಜದ ಅಳತೆ ನೋಡಿ ಸಾಕೆಂದ. ನಾಳೆ ನಿಮಗೆ ನಾಲ್ಕು ಎಕರೆ ಹಿಂದಿರುಗಿ ಬಂದರೆ ನಿಮಗೂ ತೃಪ್ತಿಯಾದೀತು, ಅದು ತಪ್ಪೂ ಅಲ್ಲ. ಆದರೆ ಅದಕ್ಕೆ ಕ್ರೈಸ್ತ ಸಂತುಷ್ಟಿಯ ಹೆಸರಿಲ್ಲ, ಏಕೆಂದರೆ ಮರುವರ್ಷ ಬೆಲೆ ಕುಸಿದರೆ ಅದೂ ಜೊತೆಗೇ ಕುಸಿಯುತ್ತದೆ.

ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನೀವು ಪಾಲು ಬಿಟ್ಟ 2002ರ ಸುಮಾರಿಗೆ ಕಾಫಿ ನೆಲಕಚ್ಚಿದ್ದು ವಿಯೆಟ್ನಾಮಿನಲ್ಲಿ ರೋಬಸ್ಟಾ ವಿಪರೀತವಾಗಿ ಬೆಳೆದು ಲೋಕದ ಮಾರುಕಟ್ಟೆಯಲ್ಲಿ ಕಾಫಿ ತುಂಬಿ ತುಳುಕಿದ್ದರಿಂದ. 2024-25ರಲ್ಲಿ ಅದು ದಾಖಲೆಗೇರಿದ್ದಕ್ಕೆ ಒಂದು ದೊಡ್ಡ ಕಾರಣ ಅದೇ ವಿಯೆಟ್ನಾಮಿಗೂ ಬ್ರೆಜಿಲಿಗೂ ಬಡಿದ ಬರ. ನಿಮ್ಮ ತಮ್ಮನ ಕಾರಿನಲ್ಲಿ ಅವನ ಬೆವರಿನ ಪಾಲಿದೆ, ಅದನ್ನು ಕಡೆಗಣಿಸಬಾರದು. ಆದರೆ ಎಲ್ಲಿಯೋ ಒಣಗಿದ ಒಬ್ಬ ಬೆಳೆಗಾರನ ತೋಟದ ಪಾಲೂ ಇದೆ. ‘ದೇವರು ಅವನನ್ನು ಆಶೀರ್ವದಿಸಿದ, ನನ್ನನ್ನು ಮರೆತ’ ಎಂಬ ಲೆಕ್ಕ ರಾತ್ರಿ ಹೊತ್ತು ನಿಮ್ಮ ತಲೆಯಲ್ಲಿ ಓಡುತ್ತಿದ್ದರೆ, ಆ ಲೆಕ್ಕವನ್ನು ವಿಯೆಟ್ನಾಮಿನ ಬೆಳೆಗಾರನ ಮುಂದೆ ಇಟ್ಟು ನೋಡಿ. ಮಾರುಕಟ್ಟೆಯ ದರವನ್ನು ದೇವರ ಮೆಚ್ಚುಗೆಯ ಪಟ್ಟಿಯೆಂದು ಓದುವುದು ನಮ್ಮಲ್ಲಿ ಈಗ ಬಹಳ ಪ್ರಚಾರದಲ್ಲಿರುವ ಒಂದು ಬೋಧನೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಸುವಾರ್ತೆಗೆ ಬಡಿದ ಕಾಂಡಕೊರಕ.

ನಾನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ಮಲೆನಾಡಿನ ಸಣ್ಣದೊಂದು ಸಭೆಯಲ್ಲಿ ಪಾಲಕನಾಗಿದ್ದ ಕಾಲದಲ್ಲಿ, ನನ್ನೊಡನೆ ದೇವಶಾಸ್ತ್ರ ಓದಿದ ಗೆಳೆಯನೊಬ್ಬನು ಹೊರದೇಶದ ಸಭೆಗೆ ಹೋಗಿ, ಒಂದು ಕ್ರಿಸ್ಮಸ್ಸಿಗೆ ತನ್ನ ಮನೆಯ ಚಿತ್ರ ಕಳುಹಿಸಿದ. ಸೋರುವ ಹೆಂಚಿನ ಕೆಳಗೆ ಬೋಗುಣಿ ಇಟ್ಟು ಕುಳಿತಿದ್ದ ನಾನು ಆ ಚಿತ್ರದಲ್ಲಿ ಅವನ ಮಕ್ಕಳ ಮುಖಕ್ಕಿಂತ ಹಿಂದಿದ್ದ ಗ್ಯಾರೇಜನ್ನು ಹೆಚ್ಚು ಹೊತ್ತು ನೋಡಿದೆ. ಆ ವರ್ಷ ಗೋದಲಿಯ ಬಡತನದ ಮೇಲೆ ನಾನು ಮಾಡಿದ ಪ್ರಸಂಗವನ್ನು ಸಭೆಯವರು ಬಹಳ ಮೆಚ್ಚಿಕೊಂಡರು. ಅದರಲ್ಲಿದ್ದ ಆವೇಶ ಭಕ್ತಿಯದಲ್ಲ, ಹೊಟ್ಟೆಕಿಚ್ಚಿನದು ಎಂಬುದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು.

ಇನ್ನು ಮಾಡಬೇಕಾದದ್ದು. ನೀವು ಮನಸ್ಸೊಪ್ಪಿ ಪತ್ರ ಮಾಡಿಕೊಟ್ಟ ಭೂಮಿಯನ್ನು ಈಗಿನ ಬೆಲೆಯಲ್ಲಿ ಎಣಿಸುವುದನ್ನು ನಿಲ್ಲಿಸಬೇಕು. ಬೆಲೆ ಇನ್ನೂ ಇಳಿದು ತೋಟ ಹಾಳಾಗಿದ್ದರೆ ಅವನ ನಷ್ಟದಲ್ಲಿ ನೀವು ಪಾಲು ಕೇಳುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಸಾಲ ಬೇರೆ ಮಾತು. ತಂದೆ ಇಬ್ಬರಿಗೂ ತಂದೆ. ಆ ಸಾಲದ ಅರ್ಧ ತಮ್ಮನದಾಗಿತ್ತು, ಅದನ್ನು ನೀವು ಒಬ್ಬರೇ ಹೊತ್ತಿರಿ. ಇದನ್ನು ಅವನಿಗೆ ಒಂದು ಸಲ, ಹಬ್ಬದ ಊಟದ ನಡುವೆ ಅಲ್ಲ, ಪ್ರತ್ಯೇಕವಾಗಿ ಕುಳಿತು, ಸಾಧ್ಯವಾದರೆ ಸಭೆಯ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ನೇರವಾಗಿ ಹೇಳಿ, ಮಗಳ ಓದಿಗೆ ನೆರವಾಗುವಂತೆ ಕೇಳಿ. ಕೇಳುವುದು ಸಂತುಷ್ಟಿಗೆ ವಿರುದ್ಧವಲ್ಲ. ಅವನಿಗೆ ಈ ಲೆಕ್ಕ ಹೊಳೆದೇ ಇಲ್ಲದಿರಬಹುದು. ಇರುವವರಿಗೆ ಮರೆವು ಸ್ವಲ್ಪ ಜಾಸ್ತಿ. ಅವನು ಇಲ್ಲವೆಂದರೆ ಏನು ಮಾಡುವಿರಿ ಎಂಬುದನ್ನು ಕೇಳಲು ಹೋಗುವ ಮೊದಲೇ ತೀರ್ಮಾನಿಸಿಕೊಂಡು ಹೋಗಿ.

ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂದು ತೂಗಿ ಬರೆಯುವುದು ನಿಮ್ಮ ಕಸುಬು. ಸಂಜೆ ತೂಕ ಮುಗಿದ ಮೇಲೆ ಚೆಕ್‌ರೋಲ್ ಪುಸ್ತಕ ಮುಚ್ಚಿ ಮನೆಗೆ ಹೋಗುತ್ತೀರಿ. ತಮ್ಮನ ಹೆಸರಿನ ಪುಟವೊಂದನ್ನು ಮಾತ್ರ ಇಷ್ಟು ವರ್ಷ ಮುಚ್ಚದೆ ಮನೆಗೆ ಒಯ್ಯುತ್ತಿದ್ದೀರಿ.

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಬೆಲೆ ಏರಿದ್ದು ಗೊತ್ತಾದ ಕೂಡಲೇ ಆಳುಗಳು ಕೂಲಿ ಹೆಚ್ಚಿಸಿ ಎನ್ನುತ್ತಿದ್ದಾರೆ. ಅವರಲ್ಲಿ ನಮ್ಮ ಸಭೆಯವರೂ ಇದ್ದಾರೆ. ನಿಮಗೆ ಬರುವ ಸಂಬಳವೇ ಸಾಕೆಂದುಕೊಳ್ಳಿರಿ ಎಂದು ಸ್ನಾನಿಕ ಯೋಹಾನನೇ ಹೇಳಿರುವಾಗ ವಿಶ್ವಾಸಿಗಳು ಹೀಗೆ ಕೇಳುವುದು ಸರಿಯೇ?

ಉತ್ತರ: ವಾಕ್ಯವನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದೀರಿ, ಲೂಕನ ಮೂರನೆಯ ಅಧ್ಯಾಯ, ಹದಿನಾಲ್ಕನೆಯ ವಚನ. ಮೊದಲ ಕಾಗದಕ್ಕೆ ಉತ್ತರಿಸುತ್ತಾ ಸಂತುಷ್ಟಿ ಉತ್ತಮ ಪುರುಷದ ಮಾತೆಂದು ನಾನು ಬರೆದದ್ದಕ್ಕೆ ಇದು ಎದುರು ಸಾಕ್ಷಿಯಂತೆ ಕಾಣುತ್ತದೆ, ಆದ್ದರಿಂದ ಜಾರಿಕೊಳ್ಳುವಂತಿಲ್ಲ. ಯೋಹಾನನು ಅದನ್ನು ಯಾರಿಗೆ ಹೇಳಿದ? ಸಿಪಾಯಿಗಳಿಗೆ. ಕೈಯಲ್ಲಿ ಆಯುಧವಿದ್ದು, ಬೆದರಿಸಿ ಜನರಿಂದ ಹಣ ಕೀಳಬಲ್ಲವರಿಗೆ. ಅದೇ ವಚನದ ಮೊದಲ ಭಾಗ, ಯಾರಿಂದಲೂ ಬಲಾತ್ಕಾರದಿಂದಾಗಲಿ ಸುಳ್ಳು ದೂರಿನಿಂದಾಗಲಿ ಹಣ ತೆಗೆದುಕೊಳ್ಳಬೇಡಿರಿ ಎಂಬುದು. ಅದಕ್ಕೆ ಮುಂಚೆ ಸುಂಕದವರಿಗೆ, ನೇಮಕವಾದದ್ದಕ್ಕಿಂತ ಹೆಚ್ಚು ಎತ್ತಬೇಡಿರಿ ಎಂದ. ಅದಕ್ಕೂ ಮುಂಚೆ, ಎರಡು ಅಂಗಿಗಳುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದ. ಇಡೀ ಭಾಗವನ್ನು ಒಟ್ಟಿಗೆ ಓದಿದರೆ ‘ಸಾಕೆಂದುಕೊಳ್ಳಿ’ ಎಂಬ ಆಜ್ಞೆ ಬೀಳುವುದು ಕಿತ್ತುಕೊಳ್ಳುವ ಶಕ್ತಿಯುಳ್ಳವನ ಮೇಲೆ. ಇಲ್ಲದವನ ವಿಷಯದಲ್ಲಿ ಆಜ್ಞೆ ಹೊರಡುವುದು ಅವನ ಕಡೆಗಲ್ಲ, ಅವನ ನೆರೆಯವನ ಕಡೆಗೆ.

ನಿಮ್ಮ ತೋಟದಲ್ಲಿ ಸಿಪಾಯಿಯ ಸ್ಥಾನದಲ್ಲಿರುವವರು ಯಾರೆಂದು ನೀವೇ ನಿರ್ಧರಿಸಿ. ಕೂಲಿಯ ಬಗ್ಗೆ ಸತ್ಯವೇದ ಅಸ್ಪಷ್ಟವಾಗಿಲ್ಲ: ಬಡವನಾದ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಏಕೆಂದರೆ ಅವನ ಮನಸ್ಸು ಅದರ ಮೇಲೆಯೇ ಇರುತ್ತದೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ಬರೆಯುತ್ತಾನೆ. ಕೂಗುವುದು ಕೂಲಿಯವನಲ್ಲ, ಕೂಲಿಯೇ. ಲೈನ್ ಮನೆ, ಕುಡಿಯುವ ನೀರು, ಔಷಧಗಳನ್ನು ನಮ್ಮ ಮಾಲೀಕರು ಧರ್ಮಕಾರ್ಯವೆಂಬಂತೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. 1951ರ ತೋಟ ಕಾರ್ಮಿಕರ ಕಾಯಿದೆಯೇ ಅವನ್ನು ಮಾಲೀಕರ ಹೊಣೆಯೆಂದು ಬರೆದಿತ್ತು. ನಿಮಗೂ ಖರ್ಚುಗಳಿವೆ, ಬೆಲೆ ಬಿದ್ದ ವರ್ಷಗಳ ಸಾಲವಿದೆ, ಅದನ್ನೂ ಬಲ್ಲೆ. ಎಷ್ಟು ಹೆಚ್ಚಿಸಬೇಕೆಂಬ ಮೊತ್ತವನ್ನು ನಾನು ಹೇಳಲಾರೆ. ಆದರೆ ಮಾತುಕತೆಗೆ ಕುಳಿತಾಗ ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು ಹೋಗಿ, ಸತ್ಯವೇದವನ್ನು ಮನೆಯಲ್ಲಿಟ್ಟು ಹೋಗಿ. ಅದನ್ನು ಹಿಂದಿನ ರಾತ್ರಿ ನೀವೊಬ್ಬರೇ ಓದಿದ್ದರೆ ಆಯಿತು.

ಪ್ರಶ್ನೆ: ಶೆಟ್ಟಿಹಳ್ಳಿಯ ಇಗರ್ಜಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ನಿಂತಿರುವುದನ್ನು ಕಂಡಾಗಲೆಲ್ಲ ಲೋಕದ ಐಶ್ವರ್ಯ ಎಷ್ಟು ವ್ಯರ್ಥವೆನಿಸುತ್ತದೆ. ಯುವಜನರ ಕೂಟದಲ್ಲಿ ಇದನ್ನು ದೃಷ್ಟಾಂತವಾಗಿ ಬಳಸಬಹುದೇ? (ಹಾಸನ)

ಉತ್ತರ: ಬಳಸಬಹುದು, ಸ್ವಲ್ಪ ಎಚ್ಚರದಿಂದ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ದೇವಾಲಯ ಮಳೆಗಾಲದಲ್ಲಿ ನೀರಿನೊಳಗೆ ಇಳಿದು ಬೇಸಿಗೆಯಲ್ಲಿ ಮೇಲೇಳುವುದು ನೋಡಲು ಸೊಗಸಾಗಿದೆ, ದೃಷ್ಟಾಂತಕ್ಕೂ ಸುಲಭವಾಗಿ ಒದಗುತ್ತದೆ. ಆದರೆ ಅಲ್ಲಿ ಮುಳುಗಿದ್ದು ಐಶ್ವರ್ಯವಂತನ ಕಣಜವಲ್ಲ. ಗೊರೂರಿನ ಅಣೆಕಟ್ಟೆಗಾಗಿ ಗದ್ದೆ, ಮನೆ, ಪೂರ್ವಿಕರ ಸಮಾಧಿಗಳನ್ನು ಬಿಟ್ಟು ಎದ್ದುಹೋದವರು ನಮ್ಮಂಥ ಬೇಸಾಯದ ಜನ. ಅವರ ಮಕ್ಕಳು ನಿಮ್ಮ ಕೂಟದಲ್ಲೇ ಕುಳಿತಿರಬಹುದು. ‘ಭೂಮಿಯ ಆಸ್ತಿ ಶಾಶ್ವತವಲ್ಲ’ ಎಂಬುದನ್ನು ಅವರು ಹೇಳಿದರೆ ಅದು ಸಾಕ್ಷಿ. ಅದೇ ನದಿಯ ನಾಲೆಯ ನೀರಿನಲ್ಲಿ ಬೆಳೆದ ಅಕ್ಕಿಯನ್ನು ಉಂಡು ಬಂದ ನಾವು ಹೇಳಿದರೆ ಅವರ ಕಿವಿಗೆ ಬೇರೆ ರೀತಿ ಕೇಳಿಸುತ್ತದೆ. ಅವರಲ್ಲಿ ಒಬ್ಬ ಹಿರಿಯರನ್ನು ಕರೆಸಿ ಮಾತನಾಡಿಸಿ. ಅವರು ಸಂತುಷ್ಟಿಯ ವಿಷಯವನ್ನು ಎತ್ತದೆ ಪರಿಹಾರದ ಹಣದ ವಿಷಯವನ್ನೇ ಮಾತಾಡಿದರೂ ಪೂರ್ತಿಯಾಗಿ ಕೇಳಿ.

ಪ್ರಶ್ನೆ: ಚೀಟಿ ಹಾಕುವುದು, ಬ್ಯಾಂಕಿನಲ್ಲಿ ಠೇವಣಿ ಇಡುವುದು ಅವಿಶ್ವಾಸವೇ? (ಚಿಕ್ಕಮಗಳೂರು)

ಉತ್ತರ: ಅಲ್ಲ. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಮನ್ನವೆಂಬ ಆಹಾರವನ್ನು ಬೆಳಗಿನ ತನಕ ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳಬಿದ್ದು ನಾರಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆರನೆಯ ದಿನ ಎರಡರಷ್ಟು ಕೂಡಿಸಿ ಮರುದಿನದ ಸಬ್ಬತ್ತಿಗೆಂದು, ಅಂದರೆ ವಾರದ ವಿಶ್ರಾಂತಿ ದಿನಕ್ಕೆಂದು, ಇಟ್ಟದ್ದು ಕೆಡಲಿಲ್ಲ ಎಂಬುದೂ ಅದೇ ಅಧ್ಯಾಯದಲ್ಲಿದೆ. ನಾಳೆಗೆ ಇಡುವುದರಲ್ಲಿ ತಪ್ಪಿಲ್ಲ, ನಾಳೆಯ ಭಯಕ್ಕೆ ಇಡುವುದರಲ್ಲಿ ಹುಳವಿದೆ. ಚೀಟಿ ನಡೆಸುವವರು ನೋಂದಾಯಿಸಿಕೊಂಡಿದ್ದಾರೆಯೇ ಎಂದು ಮಾತ್ರ ಮೊದಲು ವಿಚಾರಿಸಿಕೊಳ್ಳಿ. ಈ ವಿಷಯದಲ್ಲಿ ‘ಪ್ರೇಯರ್‌ಗೆ ಬರುವವರೇ’ ಎಂಬ ನಂಬಿಕೆ ಸಾಲದು.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನು ಸಹಪಾಠಿಗಳ ಬಳಿ ಇರುವುದನ್ನೆಲ್ಲ ತನಗೂ ಬೇಕೆಂದು ಹಟ ಹಿಡಿಯುತ್ತಾನೆ. ಅವನಿಗೆ ಕಲಿಸಬಹುದಾದ ಚಿಕ್ಕ ಪ್ರಾರ್ಥನೆಯೊಂದನ್ನು ತಿಳಿಸುವಿರಾ? (ಬೇಲೂರು)

ಉತ್ತರ: ಜ್ಞಾನೋಕ್ತಿಗಳ ಮೂವತ್ತನೆಯ ಅಧ್ಯಾಯದಲ್ಲಿ ಆಗೂರನೆಂಬವನ ಪ್ರಾರ್ಥನೆಯಿದೆ. ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ನನಗೆ ತಕ್ಕಷ್ಟು ಆಹಾರವನ್ನು ಉಣಿಸು ಎಂಬುದು ಅದರ ಸಾರ. ಕಾರಣವನ್ನೂ ಅವನೇ ಹೇಳುತ್ತಾನೆ: ಹೊಟ್ಟೆ ತುಂಬಿದರೆ ಯೆಹೋವನು ಯಾರೆಂದು ಕೇಳಿಯೇನು, ಬಡವನಾದರೆ ಕದ್ದೇನು. ಬಡತನವನ್ನು ಪವಿತ್ರವೆಂದು ಹೊಗಳದೆ, ಅದರ ಅಪಾಯವನ್ನು ಐಶ್ವರ್ಯದ ಅಪಾಯದ ಪಕ್ಕದಲ್ಲಿಯೇ ಇಟ್ಟದ್ದು ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ. ಈ ವಿಷಯದಲ್ಲಿ ಆಗೂರನು ನಮ್ಮ ಅನೇಕ ಪ್ರಸಂಗಿಗಳಿಗಿಂತ ನಂಬಿಕೆಗೆ ಯೋಗ್ಯನು. ಊಟಕ್ಕೆ ಮುಂಚೆ ಮೂರು ಸಾಲಿನಲ್ಲಿ ಹೇಳಿಸಬಹುದು. ಆದರೆ ಮಗನಿಗೆ ಹೇಳಿಕೊಟ್ಟು ನೀವು ಸಾರು ಬಡಿಸಲು ಎದ್ದುಹೋಗಬೇಡಿ, ಜೊತೆಯಲ್ಲಿ ಕುಳಿತು ನೀವೂ ಹೇಳಿ. ‘ಬಡತನ ಕೊಡಬೇಡ’ ಎಂಬುದನ್ನು ಅವನು ಗಟ್ಟಿಯಾಗಿ ಹೇಳಿ, ‘ಐಶ್ವರ್ಯ ಕೊಡಬೇಡ’ ಎಂಬಲ್ಲಿ ಬಾಯಿ ಮುಚ್ಚಿಕೊಂಡರೆ ಗದರಿಸಬೇಡಿ. ಎಷ್ಟೋ ವರ್ಷಗಳಿಂದ ಈ ಪ್ರಾರ್ಥನೆಯನ್ನು ಹೇಳುತ್ತಿರುವ ನನ್ನ ದನಿಯೂ ಆ ಸಾಲಿಗೆ ಬಂದಾಗ ಸ್ವಲ್ಪ ಇಳಿಯುತ್ತದೆ.